ಸೊಪ್ಪಿನ ಮೇಲೆ ಬಿದ್ದ ಗುಮಾನಿ

ಮಲ್ಲೇಶ್ವರ ಮುಗಿದು ಶ್ರೀರಾಂಪುರ ಶುರುವಾಗುವ ಕಡೆ, ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕನ್ಸರ್ವೆನ್ಸಿ ಗಲ್ಲಿ ಇತ್ತು. ಗಲ್ಲಿಯ ಈಚೆ ಸಪ್ಪಲಮ್ಮನ ಹೆಂಚಿನ ಮನೆ, ಆಚೆ ಸಾಲಿನಲ್ಲಿ ಕೊಂಚ ಮುಂದಕ್ಕೆ ಗೋದಮ್ಮನವರ ತಾರಸಿ ಮನೆ. ಸಪ್ಪಲಮ್ಮನ ಹಿತ್ತಿಲು ಹನ್ನೆರಡು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ. ಅಷ್ಟರಲ್ಲೇ ಒಂದು ನುಗ್ಗೆ ಮರ, ಒಂದು ಪರಂಗಿ ಗಿಡ, ಗೋಡೆಗೆ ಹಬ್ಬಿದ ಬಸಳೆ, ಒಡೆದ ಬಕೆಟ್ಟುಗಳಲ್ಲಿ ದಂಟು, ಜೊತೆಗೆ ಮೂರು ನಾಟಿ ಹೇಂಟೆಗಳು. ಅವಕ್ಕೆ ಕರಿ, ಕೆಂಚಿ, ಚುಕ್ಕಿ ಎಂದು ಹೆಸರು.

ಸಪ್ಪಲಮ್ಮನ ಗಂಡನ ಮನೆಯವರು ಹಿಂದೆ ಕೆರೆ ಮಗ್ಗುಲಿನ ತೋಟದಲ್ಲಿ ಸೊಪ್ಪು ಬೆಳೆದು ಮಾರಿದವರು. ತೋಟ ಬಡಾವಣೆಯಾಯಿತು, ಗಂಡನೂ ಹೋದ. ಸೊಪ್ಪಿನ ತಿಳಿವಳಿಕೆ ಮಾತ್ರ ಅವಳ ಕೈಯಲ್ಲಿ ಉಳಿಯಿತು. ಅಕ್ಷರವೆಂದರೆ ತನ್ನ ಹೆಸರಿನ ನಾಲ್ಕು ಗೀಚುವಷ್ಟು. ಎಲೆ ಕೊಟ್ಟರೆ ಮಾತ್ರ ಹೆಸರು, ಗುಣ, ಯಾವ ಮಳೆಗೆ ಹುಟ್ಟುತ್ತದೆ, ಯಾವ ತಿಂಗಳಿಗೆ ಕಹಿಯಾಗುತ್ತದೆ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು.

ಬೆಳಿಗ್ಗೆ ಎದ್ದು ರೈಲು ಹಳಿಯ ಪಕ್ಕದ ಬಯಲಿಗೆ ಹೋಗುವುದು, ಮಡಿಲಲ್ಲಿ ಸೊಪ್ಪು ಕಿತ್ತು ತರುವುದು, ಹಿತ್ತಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಸೋಸುವುದು. ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ, ಕೊಮ್ಮೆ, ಎಲ್ಲದರಲ್ಲೂ ಎಳೆಯ ಕುಡಿ ಮನೆಯವರ ಬೆರಕೆ ಸೊಪ್ಪಿನ ಸಾರಿಗೆ. ಬಲಿತ ಎಲೆ, ಕಡ್ಡಿ ಕೋಳಿಗೆ. ಕೋಳಿಗೆ ನೆಲಕ್ಕೆ ಚೆಲ್ಲುತ್ತಿರಲಿಲ್ಲ. ಚೆಲ್ಲಿದರೆ ತುಳಿದು ಹಾಳುಮಾಡುತ್ತವೆ. ಬಾಳೆನಾರಿನಲ್ಲಿ ಕಟ್ಟಿ, ಕೋಳಿ ಕತ್ತೆತ್ತಿ ಕುಕ್ಕುವಷ್ಟು ಎತ್ತರಕ್ಕೆ ನುಗ್ಗೆ ಕೊಂಬೆಯಿಂದ ತೂಗುಬಿಡುತ್ತಿದ್ದಳು. ಪರಂಗಿ ಬೀಜ ವಾರಕ್ಕೊಮ್ಮೆ, ಹೊಟ್ಟೆ ಹುಳುವಿಗೆ. ನುಗ್ಗೆಸೊಪ್ಪು ದಿನ ಬಿಟ್ಟು ದಿನ. ರಾಗಿ ನುಚ್ಚು ಸಂಜೆಗೆ ಒಂದು ಹಿಡಿ.

ತೊಂಬತ್ತೆಂಟನೇ ಇಸವಿಯ ಮುಂಗಾರು. ಸೊಸೆ ರಮ್ಯಶ್ರೀಗೆ ಆರು ತಿಂಗಳಾಗಿತ್ತು. ನಗರ್ತಪೇಟೆಯಲ್ಲಿ ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ಬೆಳೆದ ಹುಡುಗಿ. ಕೊತ್ತಂಬರಿ ಕರಿಬೇವು ಬಿಟ್ಟರೆ ಅವಳಿಗೆ ಎಲ್ಲ ಹಸಿರೂ ಒಂದೇ. ರಕ್ತ ಕಮ್ಮಿ ಇದೆ, ಸೊಪ್ಪು ಮೊಟ್ಟೆ ಚೆನ್ನಾಗಿ ಕೊಡಿ ಎಂದು ಡಾಕ್ಟರಮ್ಮ ಹೇಳಿದ್ದರು. "ಎರಡೂ ನನ್ನ ಹಿತ್ತಿಲಲ್ಲೇ ಇದೆ," ಎಂದು ಸಪ್ಪಲಮ್ಮ ಹೆಮ್ಮೆಯಿಂದ ಮಾತು ಕೊಟ್ಟಳು.

ಮಾತು ಕೊಟ್ಟ ಮೂರನೇ ವಾರಕ್ಕೆ ಮೊಟ್ಟೆ ನಿಂತವು.

ಒಂದು ಕೋಳಿ ಮೊಟ್ಟೆ ಇಡುವುದು ಬಿಟ್ಟರೆ ಅದಕ್ಕೆ ವಯಸ್ಸಾಯಿತು ಅನ್ನಬಹುದು. ಮೂರೂ ಒಂದೇ ವಾರದಲ್ಲಿ ಬಿಟ್ಟರೆ ಏನನ್ನಬೇಕು? ಬೆಳಿಗ್ಗೆ ಕೋಳಿ ಕವುಚಿದ ಮಕ್ಕರಿ ಎತ್ತಿ, ಹೊರಗೆ ಬಿಡುವ ಮೊದಲು ಸಪ್ಪಲಮ್ಮ ಒಂದೊಂದರ ಹಿಂಬದಿಗೆ ಬೆರಳಿಟ್ಟು ನೋಡುತ್ತಿದ್ದಳು. ಒಳಗೆ ಮೊಟ್ಟೆ ಗಟ್ಟಿಯಾಗಿ ಕೈಗೆ ಸಿಕ್ಕುತ್ತಿತ್ತು. ಗೂಡಿನ ಹುಲ್ಲಿನಲ್ಲಿ ಮಾತ್ರ ಏನೂ ಇಲ್ಲ. ಮಧ್ಯಾಹ್ನದವರೆಗೆ ಮಕ್ಕರಿ ಕವುಚಿ ಕೂಡಿಹಾಕಿದಳು. ಇಡಲಿಲ್ಲ, ಬರೀ ಕೂಗಿ ಕೂಗಿ ಬೀದಿ ಎಬ್ಬಿಸಿದವು. ಬಿಟ್ಟಳು. ಸಂಜೆ ಬೆರಳಿಟ್ಟರೆ ಒಳಗೂ ಇಲ್ಲ!

"ಕಣ್ಣು ಬಿದ್ದಿದೆ ಕಣೆ," ಎಂದಳು ಪಕ್ಕದ ಮನೆಯ ಮುನಿಲಕ್ಷ್ಮಮ್ಮ. "ಬಸುರಿ ಸೊಸೆಗೆ ಅಂತ ಬೀದಿಗೆಲ್ಲ ಸಾರ್ಕೊಂಡು ಬಂದ್ಯಲ್ಲ, ಅದಕ್ಕೇ."

"ಕಣ್ಣು ಬಿದ್ರೆ ಹೊಟ್ಟೇಲಿರೋ ಮೊಟ್ಟೆ ಎಲ್ಲಿಗೆ ಹೋಗುತ್ತೆ?"

"ಅದು ನಿನಗೆ ಗೊತ್ತಿರ್ಬೇಕು. ಕೋಳಿ ನಿಂದು, ಬೆರಳು ನಿಂದು."

ತರಕಾರಿ ಗಾಡಿ ತಳ್ಳಿ ಮನೆಗೆ ಬಂದ ಮಗ ವೇಣು ನಕ್ಕುಬಿಟ್ಟ. "ಅಮ್ಮಾ, ಮೊಟ್ಟೆ ಇಡದ ಕೋಳಿಗೆ ದಿನಾ ಸೊಪ್ಪು ಕಟ್ತಿದೀಯಲ್ಲ, ಸುಮ್ನೆ ಮಸಾಲೆ ಅರ್ದುಬಿಡು."

"ಬಾಯಿ ಮುಚ್ಕೊಂಡು ಕೈ ತೊಳ್ಕೊ ಹೋಗು."

ಸಪ್ಪಲಮ್ಮನ ಯೋಚನೆ ಸೊಪ್ಪಿನ ಕಡೆಗೇ ಹರಿಯಿತು. ತಿಂದದ್ದು ಸರಿಯಿಲ್ಲದಿದ್ದರೆ ಕೋಳಿ ಚಿಪ್ಪಿಲ್ಲದ ತೊಗಲು ಮೊಟ್ಟೆ ಇಡುವುದನ್ನು ಅವಳೇ ಕಂಡಿದ್ದಳು. ಕೆಟ್ಟ ಎಲೆ ತಿಂದರೆ ಮೊಟ್ಟೆ ಒಳಗೇ ಕರಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದದ್ದೂ ಉಂಟು. ಸರಿ, ಯಾವ ಎಲೆ? ಗೋಡೆಗೆ ಇದ್ದಿಲಲ್ಲಿ ಗೀಟು ಹಾಕಿ ಲೆಕ್ಕ ಹಿಡಿದಳು. ಎರಡು ದಿನ ಬರೀ ಅಣ್ಣೆ. ಎರಡು ದಿನ ಬರೀ ಹೊನಗೊನ್ನೆ. ಎರಡು ದಿನ ಗೋಣಿ. ಆಮೇಲೆ ಕರಿಗೊಂದು, ಕೆಂಚಿಗೊಂದು, ಚುಕ್ಕಿಗೊಂದು ಬೇರೆ ಬೇರೆ ಸೊಪ್ಪು. ಯಾವ ಎಲೆಗೂ ಮೊಟ್ಟೆ ಬರಲಿಲ್ಲ. ಮೂರೂ ಮಿಂಚುವ ರೆಕ್ಕೆ, ಕೆಂಪು ಜುಟ್ಟು ಇಟ್ಟುಕೊಂಡು ಓಡಾಡುತ್ತಿದ್ದವು. ಕಾಯಿಲೆಯ ಗುರುತೇ ಇಲ್ಲ.

ಎಲ್ಲಿಗೆ ಹೋಗುತ್ತವೆ ನೋಡೋಣವೆಂದು ಗಲ್ಲಿಯಲ್ಲಿ ಮಣೆ ಹಾಕಿಕೊಂಡೂ ಕೂತಳು. ಕೋಳಿಗಳು ಕೆದಕುತ್ತ ಕೆದಕುತ್ತ ಎರಡನೇ ಲೈಟುಕಂಬ ದಾಟಿದವು. ಅಲ್ಲಿಂದಾಚೆ ಕೆಮ್ಮಣ್ಣು, ಕಸ, ಕೋಳಿ ಎಲ್ಲ ಕಲಸಿಕೊಂಡು ಒಂದೇ ಬಣ್ಣವಾಯಿತು.

"ಎಲ್ಲಿಗೆ ಹೋದ್ವು ಅತ್ತೆ?" ಎಂದು ರಮ್ಯಶ್ರೀ ಕೇಳಿದಾಗ, "ಅಲ್ಲೇ ಎಲ್ಲೋ ಕೆದಕ್ತಾ ಇದ್ವು," ಎಂದಳು. ಕಾಣಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಅದಾದ ನಾಲ್ಕನೇ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಗಣಿಕೆಯ ಕುಡಿಯೊಂದನ್ನು ಚಿವುಟಿದಾಗ ಕೆಟ್ಟ ಘಾಟು ಮೂಗಿಗೆ ಹೊಡೆಯಿತು. ಎಲೆ ಹೊಸಕಿ ಮತ್ತೆ ಮೂಸಿದಳು. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಮೂರೆಲೆಯ ಎಳೆ ಉಮ್ಮತ್ತಿ. ಶಿವರಾತ್ರಿಗೆ ದೇವರಿಗೆ ಹೂವು ಇಡುತ್ತಾರಲ್ಲ, ಅದೇ ಉಮ್ಮತ್ತಿ. ತಿಂದರೆ ಮನುಷ್ಯ ತಲೆ ಕೆಟ್ಟು ಬೀದಿ ಸುತ್ತುತ್ತಾನೆ. ಅದನ್ನು ಗಣಿಕೆಯೆಂದು ಕಿತ್ತು ಮಡಿಲಿಗೆ ಹಾಕಿಕೊಂಡು ಬಂದವಳು ತಾನೇ.

ಸಪ್ಪಲಮ್ಮ ಮೊರದ ಸೊಪ್ಪನ್ನೆಲ್ಲ ಮತ್ತೆ ಕೆದಕಿದಳು. ಇವತ್ತು ಒಂದು ಸಿಕ್ಕಿತು. ನಿನ್ನೆ? ಮೊನ್ನೆ? ಕೋಳಿಗೆ ಕಟ್ಟಿದ್ದರಲ್ಲಿ ಎಷ್ಟಿತ್ತೋ! ಎಳೆ ಕುಡಿ ಸಾರಿಗೆ, ಸಾರು ಸೊಸೆಗೆ, ಸೊಸೆಯ ಹೊಟ್ಟೆಯಲ್ಲಿ ಕೂಸು. ಆ ಕುಡಿಯನ್ನು ಕಲ್ಲಿನ ಕೆಳಗೆ ಜಜ್ಜಿ, ಮೋರಿಗೆ ತಳ್ಳಿ, ಮೂರು ಸಲ ಕೈ ತೊಳೆದಳು. ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು ನಿಂತಿತು. ಕೋಳಿಗೆ ಹಿತ್ತಿಲ ಬಸಳೆ, ದಂಟು, ನುಗ್ಗೆ ಮಾತ್ರ. ಅವನ್ನು ನೆಟ್ಟ ಜಾಗ ಕೈಗೆ ಗೊತ್ತಿತ್ತು. ಆದರೂ ಸೊಸೆಯ ತಟ್ಟೆಗೆ ಅದನ್ನೂ ಹಾಕಲು ಧೈರ್ಯ ಬರಲಿಲ್ಲ. ಬಕೆಟ್ಟಿನ ದಂಟಿನ ನಡುವೆ ಬೇರೇನೋ ಹುಟ್ಟಿದ್ದರೆ?

ರಮ್ಯಶ್ರೀ ಒಂದು ವಾರ ಹಾಕಿದ್ದನ್ನೇ ಉಂಡಳು. ಆಮೇಲೆ ತಟ್ಟೆಯ ಮುಂದೆ ಕೂತು, "ಕೋಳಿಗೆ ಹಸೀ ಸೊಪ್ಪು, ನನಗೆ ಬರೀ ತಿಳಿಸಾರು," ಎಂದಳು. ನಗುತ್ತ ಹೇಳಿದಂತೆಯೇ ಇತ್ತು, ನಗು ಮಾತ್ರ ಇರಲಿಲ್ಲ.

"ಮಳೆಗಾಲದ ಸೊಪ್ಪು ಕಣಮ್ಮ, ಹುಳ ಇರುತ್ತೆ."

"ಹುಳ ಇದ್ರೆ ಕೋಳಿಗೆ ಒಳ್ಳೇದೇ ಬಿಡಿ ಅತ್ತೆ."

ಸಪ್ಪಲಮ್ಮ ಸಾರಿನ ಸೌಟು ಹಿಡಿದು ನಿಂತಳು. ಹೇಳಿದರೆ ಈ ಹುಡುಗಿ ಇನ್ನು ಮುಂದೆ ನನ್ನ ಕೈಯ ನೀರು ಕುಡಿಯುತ್ತಾಳೆಯೇ? ಹೇಳದಿದ್ದರೆ ನಾನು ಹೊಟ್ಟೆಕಿಚ್ಚಿನ ಅತ್ತೆ. ಎರಡರಲ್ಲಿ ಯಾವುದು ವಾಸಿ ಎಂದು ತಿಳಿಯದೆ ಇನ್ನೊಂದು ಸೌಟು ತಿಳಿಸಾರು ಬಡಿಸಿದಳು.

ಆ ಶುಕ್ರವಾರ ಸಂಜೆ ಕರಿ ಮನೆಗೆ ಬರಲಿಲ್ಲ. ಕೆಂಚಿ, ಚುಕ್ಕಿ ಎರಡೇ ಬಂದು ಮಕ್ಕರಿ ಸೇರಿದವು. ಗಲ್ಲಿಯಲ್ಲಿ ನಿಂತು "ಬಾ ಬಾ ಬಾ" ಎಂದು ಗಂಟಲು ಕಟ್ಟುವಷ್ಟು ಕರೆದಳು. ನಾಯಿ ಹಿಡಿದಿರಬೇಕು ಎಂದ ವೇಣು. ಸಪ್ಪಲಮ್ಮ ಬೇರೆಯದೇ ಲೆಕ್ಕ ಹಾಕುತ್ತಿದ್ದಳು. ಉಮ್ಮತ್ತಿ ಹತ್ತು ಹನ್ನೆರಡು ದಿನದ ಮೇಲೆ ಕೊಲ್ಲುತ್ತದೆಯೇ? ಹಾಗೆಲ್ಲೂ ಕೇಳಿರಲಿಲ್ಲ. ಕೇಳದೆ ಇರುವುದೆಲ್ಲ ಇಲ್ಲವೆಂದು ಅರ್ಥವೇ?

ಮಾರನೇ ಬೆಳಿಗ್ಗೆ ಗೋದಮ್ಮನವರ ಹಿತ್ತಿಲ ಬಾಗಿಲಿನಿಂದ ಕರೆ ಬಂತು. ಗೋದಮ್ಮನವರು ಅಯ್ಯಂಗಾರರು, ಮಡಿ ಹೆಂಗಸು, ಸಪ್ಪಲಮ್ಮನ ವಯಸ್ಸಿನವರೇ. ಅವರ ಹಿತ್ತಿಲಲ್ಲಿ ಒಂದು ಅಗಸೆ ಮರ. ಏಕಾದಶಿ ಉಪವಾಸದ ಮರುದಿನ ಅದರ ಸೊಪ್ಪಿನ ಪಲ್ಯದಲ್ಲಿ ಅವರ ಪಾರಣೆ.

"ಸಪ್ಪಲಮ್ಮಾ, ಬಾಮ್ಮ ಇಲ್ಲಿ. ಮೆಲ್ಲಗೆ ಬಾ. ರಾಘವ ಒಳಗಿದಾನೆ."

ರಾಘವ ಅವರ ಮಗ. ಸಪ್ಪಲಮ್ಮ ಗಲ್ಲಿ ದಾಟಿ ಒಳಗೆ ಹೋದಳು. ಬಚ್ಚಲ ಹಂಡೆಯ ಒಲೆಯ ಪಕ್ಕ, ಸೌದೆ ಮತ್ತು ಒಣ ಸೋಗೆಯ ರಾಶಿಯ ಹಿಂದೆ ಗೋದಮ್ಮನವರು ಕೈ ತೋರಿಸಿದರು. ಕರಿ ಮೈ ಉಬ್ಬಿಸಿಕೊಂಡು ಕಾವಿಗೆ ಕೂತಿತ್ತು. ಅದರ ಹೊಟ್ಟೆಯಡಿಯಿಂದ ಸುತ್ತಲೂ ಮೊಟ್ಟೆ ಇಣುಕುತ್ತಿದ್ದವು. ಮಗ್ಗುಲಲ್ಲಿ ಬೋರಲು ಹಾಕಿದ್ದ ಹಳೆಯ ಬುಟ್ಟಿಯ ಕೆಳಗೆ ಇನ್ನೂ ಒಂದು ರಾಶಿ.

"ನಿನ್ನೆಯಿಂದ ಒಲೆ ಹತ್ರ ಬಿಡ್ತಿಲ್ಲ ನನ್ನ, ಕುಕ್ಕಕ್ಕೆ ಬರುತ್ತೆ. ಮನೇಲಿ ಯಾರಿಗೂ ಬಿಸಿನೀರಿಲ್ಲ. ಬಾಯ್ಲರ್ ತರಿಸ್ತೀನಿ ಅಂತ ರಾಘವ ಕೂಗಾಡ್ತಿದಾನೆ."

"ಎಷ್ಟು ದಿನದಿಂದ ಅಮ್ಮೋರೆ, ಇದು?"

"ಒಂದು ತಿಂಗಳಾಗಿರ್ಬೇಕು. ದ್ವಾದಶಿ ದಿನ ಮಿಕ್ಕ ಅಗಸೆ ಸೊಪ್ಪು ಇಲ್ಲಿ ಹಾಕ್ದೆ. ಗೋಡೆ ಸಂದೀಲಿ ತೂರಿ ಬಂದು ಚೆನ್ನಾಗಿ ತಿಂದ್ವು. ಮಾರನೇ ದಿನಾನೂ ಬಂದ್ವು. ಪಾಪ ಅಂತ ದಿನಾ ಒಂದು ರೆಂಬೆ ಮುರಿದು ಹಾಕ್ತಿದ್ದೆ. ಆಮೇಲೆ ನೋಡಿದ್ರೆ... ಅದು." ಗೋದಮ್ಮನವರು ಮೊಟ್ಟೆಯ ಹೆಸರೆತ್ತಲಿಲ್ಲ. "ನಾನು ಮುಟ್ಟೋ ಹಾಗಿಲ್ಲ. ಎಸೆಯೋ ಹಾಗೂ ಇಲ್ಲ, ಒಳಗೆ ಜೀವ ಇದ್ರೆ? ಬುಟ್ಟಿ ಮುಚ್ಚಿಟ್ಟೆ. ಅವು ಪಕ್ಕದಲ್ಲಿ ಇನ್ನೊಂದಷ್ಟು ಇಟ್ವು."

"ಒಂದು ಕೂಗು ಹಾಕಿದ್ರೆ ನಾನು ಬರ್ತಿರ್ಲಿಲ್ವಾ?"

"ಕೂಗಿದ್ರೆ ರಾಘವನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಗೋಡೆ ಸಂದಿ ಮುಚ್ಚಿಸ್ತಾನೆ. ಆಮೇಲೆ ಅವು ಬರಲ್ಲ." ಗೋದಮ್ಮನವರು ಸೆರಗು ಸರಿಮಾಡಿಕೊಂಡರು. "ಅಗಸೆ ತಿನ್ನೋದು ನೋಡಕ್ಕೆ ಚೆನ್ನಾಗಿರುತ್ತೆ ಸಪ್ಪಲಮ್ಮ. ಹೀಗೆ ಕತ್ತು ಓರೆ ಮಾಡಿ ಎಲೆ ನೋಡ್ತಾವೆ, ಆಮೇಲೆ ಎಳೀತಾವೆ."

ಸಪ್ಪಲಮ್ಮನಿಗೆ ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಕರಿಯನ್ನು ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಇರುಕಿಕೊಂಡು, ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ ಮನೆಗೆ ತಂದಳು.

ವೇಣು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯಂಗಾರ್ ಮನೆ ಬಚ್ಚಲೇ ಬೇಕಿತ್ತಾ ಇವಕ್ಕೆ! ನೋಡಮ್ಮ, ಕೋಳಿನೂ ಸರಿಯಾಗಿದೆ, ನಿನ್ನ ಸೊಪ್ಪೂ ಸರಿಯಾಗಿದೆ. ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ. ಗಾಡೀಲಿ ಅಣ್ಣೆ, ಗಣಿಕೆ ಎಲ್ಲ ಬೆರಕೆ ಕಟ್ಟು ಮಿಕ್ಕಿದೆ, ಇವತ್ತು ಸಾರು ಮಾಡ್ಬಿಡು."

ರಮ್ಯಶ್ರೀ ಕಟ್ಟು ತಂದು ಅತ್ತೆಯ ಮುಂದೆ ಇಟ್ಟಳು.

ಸಪ್ಪಲಮ್ಮ ಕಟ್ಟಿನ ಮೇಲೆ ಕೈ ಇಟ್ಟಳು, ಬಿಚ್ಚಲಿಲ್ಲ. ಕೋಳಿ ಬದುಕಿದೆ, ಮೊಟ್ಟೆ ಇಟ್ಟಿದೆ. ಹಾಗಾದರೆ ಸೊಪ್ಪಿನದು ತಪ್ಪಿಲ್ಲ. ಆದರೆ ಆ ಮೂರೆಲೆಯ ಉಮ್ಮತ್ತಿ ನನ್ನ ಕೈಯಲ್ಲೇ ಇತ್ತಲ್ಲ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕಿತ್ತು. ಎರಡೂ ನಿಜ. ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಸೇರಿ ಅವಳನ್ನು ಬಿಟ್ಟುಬಿಟ್ಟಿದ್ದರು. ಸುಮ್ಮನೆ ಕಟ್ಟು ಬಿಚ್ಚಿ ಸಾರಿಗೆ ಇಟ್ಟರೆ ಮುಗಿಯಿತು.

"ರಮ್ಯಾ, ಅವತ್ತು ನಾನು ತಂದ ಸೊಪ್ಪಲ್ಲಿ ಉಮ್ಮತ್ತಿ ಇತ್ತು ಕಣಮ್ಮ. ಗಣಿಕೆ ಅಂತ ನಾನೇ ಕಿತ್ತಿದ್ದು."

ವೇಣುವಿನ ನಗು ನಿಂತಿತು. ರಮ್ಯಶ್ರೀಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ನನಗೆ ಹಾಕಿದ್ರಾ ಅತ್ತೆ?"

"ಅವತ್ತಿಂದ ನಿನಗೆ ಸೊಪ್ಪೇ ಹಾಕಿಲ್ಲ. ಅದಕ್ಕೆ ಮುಂಚೆ ಇತ್ತೋ ಇಲ್ವೋ, ನನಗೆ ಗೊತ್ತಿಲ್ಲ. ಕಣ್ಣು ಮೊದಲಿನ ಹಾಗಿಲ್ಲ. ಗಲ್ಲೀಲಿ ಕೋಳೀನೂ ಕಾಣಲಿಲ್ಲ ನನಗೆ."

ರಮ್ಯಶ್ರೀ ಗೋಡೆಯ ಮೇಲಿನ ಇದ್ದಿಲ ಗೀಟುಗಳ ಕಡೆ ತಿರುಗಿದಳು. "ಮುಂಚೆ ಇದ್ದಿದ್ರೆ ಇಷ್ಟೊತ್ತಿಗೆ ತಲೆ ಕೆಟ್ಟು ನಾನೂ ಗೋದಮ್ಮನೋರ ಬಚ್ಚಲಲ್ಲಿ ಕೂತಿರ್ತಿದ್ದೆ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಒಂದ್ರೂಪಾಯಿ ಫೋನಲ್ಲಿ ನಮ್ಮಮ್ಮನ ಹತ್ರ ನಿಮ್ ಮೇಲೆ ಏನೇನೋ ಹೇಳ್ಬಿಟ್ಟಿದೀನಿ ಅತ್ತೆ."

"ಏನಂತ?"

"ಈಗ ಬೇಡ ಬಿಡಿ."

ಅವಳೇ ಮೊರ ತಂದಳು. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಒಂದು ಕಾಲು ಚಾಚಿ, ಅತ್ತೆಯ ಎದುರಿಗೆ ಮೆಟ್ಟಿಲ ಮೇಲೆ ಕೂತಳು. ವೇಣು ಡಾಕ್ಟರಮ್ಮನಿಗೆ ತೋರಿಸೋಣ, ಕಣ್ಣಾಸ್ಪತ್ರೆಗೆ ಹೋಗೋಣ ಎಂದು ಹೇಳುತ್ತಲೇ ಇದ್ದ. ಇಬ್ಬರೂ ಹೂಂ ಅನ್ನುತ್ತ ಕಟ್ಟು ಬಿಚ್ಚಿದರು.

"ಇದು?"

"ಹೊಸಕಿ ಮೂಗಿಗೆ ಕೊಡು. ಹಾಂ, ಗಣಿಕೆ. ಕಡ್ಡಿ ಹೇಗಿದೆ?"

"ಹಸಿರು. ಅಲ್ಲಲ್ಲಿ ಮೂಲೆ ಮೂಲೆ ಥರ ಇದೆ."

"ಸರಿ, ಹಾಕು ಮೊರಕ್ಕೆ. ಇದು ಅಣ್ಣೆ, ತುದಿ ಮಾತ್ರ ಚಿವುಟು."

ಅರ್ಧ ಕಟ್ಟು ಆದ ಮೇಲೆ ರಮ್ಯಶ್ರೀ ಒಂದು ಎಲೆ ಎತ್ತಿ ಹಿಡಿದಳು. "ಅತ್ತೆ, ಇದು? ಅಂಚಿನಲ್ಲಿ ಸಣ್ಣ ಗರಗಸ ಇದೆ. ಹಿಂದೆ ಬೆಳ್ಳಗಿದೆ."

ಸಪ್ಪಲಮ್ಮ ಹೊಸಕಿದಳು. ವಾಸನೆಯಿಲ್ಲ. ಬೆರಳಲ್ಲಿ ಸವರಿದಳು, ಬೆಳಕಿಗೆ ಹಿಡಿದಳು. ತೋಟದ ಬದುಗಳನ್ನೆಲ್ಲ ಒಂದೊಂದಾಗಿ ನೆನೆದಳು. ಯಾವ ಬದುವಿನಲ್ಲೂ ಈ ಎಲೆ ಇರಲಿಲ್ಲ. ಕಣ್ಣು ಮೋಸ ಮಾಡುತ್ತಿದೆಯೋ, ಎಲೆಯೇ ಹೊಸದೋ, ಅದೂ ತಿಳಿಯಲಿಲ್ಲ.

"ಕೋಳಿಗೆ ಹಾಕಿ ನೋಡಿದ್ರಾಯ್ತು," ಎಂದ ವೇಣು.

"ಸುಮ್ನಿರೋ. ಕೋಳಿಗೂ ಬೇಡ." ಸಪ್ಪಲಮ್ಮ ಆ ಎಲೆಯನ್ನು ಮೊರದಿಂದಾಚೆ, ಕಲ್ಲಿನ ಮೇಲೆ ಒಂಟಿಯಾಗಿ ಇಟ್ಟಳು. "ಗೊತ್ತಿಲ್ಲ ಕಣಮ್ಮ ನನಗೆ, ಇದು."

ರಮ್ಯಶ್ರೀ ಮುಂದಿನ ಎಲೆ ಎತ್ತಿ, ಹೊಸಕಿ, ಅತ್ತೆಯ ಮೂಗಿನ ಹತ್ತಿರ ಹಿಡಿದಳು.