ಶೇಖರಮ್ಮನವರ ಮೊದಲ ತಾಟು

ಶೇಖರಮ್ಮನವರನ್ನು ನಾನು ಮೊದಲು ಕಂಡದ್ದು ೧೯೩೮ರ ಬೇಸಿಗೆಯ ಒಂದು ಮಧ್ಯಾಹ್ನ. ಕೊಪ್ಪಳದ ಶಾಲೆಗೆ ಮಾಸ್ತರನಾಗಿ ಬಂದ ದಿನವೇ, ಸ್ಟೇಷನ್ ಹತ್ತಿರದ ಅವರ ಖಾನಾವಳಿಗೆ ಹೊತ್ತು ಮೀರಿ ಹೋಗಿದ್ದೆ. ಒಲೆ ಆರಿತ್ತು. ಗೋಡೆಗೆ ಒರಗಿ ಅವರು ಒಬ್ಬರೇ ಉಣ್ಣುತ್ತಿದ್ದರು. ಒಂದು ರೊಟ್ಟಿ ಮುಗಿಯುವ ಮೊದಲೇ ಕೈ ಇನ್ನೊಂದಕ್ಕೆ ಹೋಗುತ್ತಿತ್ತು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ಅಷ್ಟು ಸಣಕಲು. ನನ್ನನ್ನು ಕಂಡವರೇ ಅರ್ಧ ಊಟದಲ್ಲಿ ಎದ್ದುಬಿಟ್ಟರು.

“ಗಿರಾಕಿ ಉಣ್ಣದ ನಾ ಹೆಂಗ ಉಣ್ಣಲ್ರಿ? ಕೂಡ್ರಿ ಮಾಸ್ತರ.”

ಅದು ಖಾನಾವಳಿ ತೆರೆದ ಅವರ ಅತ್ತೆ ಹಾಕಿದ ಪದ್ಧತಿ. ಬಡಿಸುವವಳದು ಕೊನೆಯ ತಾಟು.

ದಿನಾ ಉಣ್ಣಲು ಬರುತ್ತಿದ್ದ ಹತ್ತಿ ವ್ಯಾಪಾರಿ ಕರಿಬಸಪ್ಪ ಕೆಣಕುತ್ತಿದ್ದ: “ಅಕ್ಕಾರ, ನೀವು ಉಂಡ ರೊಟ್ಟಿ ಎಲ್ಲಿ ಹೋಗತಾವ? ಮೈಮ್ಯಾಗಂತೂ ಬಂದಿಲ್ಲ.”

“ನಿನ್ನ ಮೈಮ್ಯಾಗ ಬಂದಾವಲ್ಲೋ ತಮ್ಮಾ.”

ನಗುನಗುತ್ತಲೇ ಅವರು ಸೊರಗಿದರು. ಗದಗಿನ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಎಂದರು. “ಜೋಳದ ಬಂಡಿ ಅಂಗಳಕ್ಕ ಬಂದಾವ, ಬಾಗಲಾ ಹಾಕೈತಿ, ಒಳಗ ಮಂದಿ ಉಪಾಸ ಅದಾರ” ಎಂದು ತಿಳಿಸಿ ಹೇಳಿದರಂತೆ. ರಕ್ತದ ತುಂಬ ಸಕ್ಕರೆಯಿದ್ದರೂ ಮೈಗೆ ಸಿಗದು. ಅದಕ್ಕೇ ಆ ತೀರದ ಹಸಿವು. ಬಾಗಿಲು ತೆಗೆಯುವುದು ಇನ್ಸುಲಿನ್. ಸೂಜಿ ಬಿಟ್ಟರೆ ಜೀವ ಉಳಿಯದು. ಚುಚ್ಚಿಕೊಂಡ ಅರ್ಧ ತಾಸಿನೊಳಗೆ ಉಣ್ಣಲೇಬೇಕು. ಇಲ್ಲದಿದ್ದರೆ ಸಕ್ಕರೆ ತೀರ ಇಳಿದು, ಎಚ್ಚರ ತಪ್ಪಿಸುವ ಬೇರೊಂದು ಹಸಿವು ಎರಗುತ್ತದೆ.

ಎಲ್ಲವನ್ನೂ ಒಪ್ಪಿದ ಶೇಖರಮ್ಮ ಆ ಅರ್ಧ ತಾಸನ್ನು ಮಾತ್ರ ಒಪ್ಪಲಿಲ್ಲ. ಸಂತೆಯ ದಿನ ಸೂಜಿ ಹಾಕಿಕೊಂಡು ಪಂಕ್ತಿಯ ಮೇಲೆ ಪಂಕ್ತಿ ಬಡಿಸಿದರು. ನೋಡನೋಡುತ್ತ ಮೈ ಬೆವೆತು, ಕೈ ನಡುಗಿ, ಬೇಳೆಯ ಸೌಟು ನೆಲಕ್ಕೆ ಬಿತ್ತು. ಕರಿಬಸಪ್ಪ ತನ್ನ ತಾಟಿನ ಬೆಲ್ಲವನ್ನೇ ಅವರ ಬಾಯಿಗಿಟ್ಟ.

ಚೇತರಿಸಿಕೊಂಡವರು, “ಗಿರಾಕಿ ಎಂಜಲಾ ನಾ ತಿಂದ್ನಲ್ಲೋ. ನಾಳಿಂದ ಸೂಜಿ ಬ್ಯಾಡ. ಎಲ್ಲಾರಿಗಿಂತ ಮೊದಲ ಉಣ್ಣಾಕ ನನ್ನಿಂದ ಆಗಂಗಿಲ್ಲ” ಎಂದರು.

“ನಾಳಿ ಒಂದಿನ ಹಾಕ್ಕೊರ್ರಿ. ಉಳಿದದ್ದು ನನಗ ಬಿಡ್ರಿ” ಎಂದ ಕರಿಬಸಪ್ಪ.

ಮರುದಿನ ಸೂಜಿಯಾಯಿತು. ನಾವೆಲ್ಲ ತಾಟಿನ ಮುಂದೆ ಕೈಕಟ್ಟಿ ಕೂತೆವು.

“ನಿನ್ನಿ ಪಲ್ಯಾ ಉಪ್ಪಾಗಿತ್ರಿ ಅಕ್ಕಾರ. ಮೊದಲ ನೀವ ಉಂಡು ತೋರಸ್ರಿ.”

“ನನ್ನ ಪಲ್ಯಾ? ಉಪ್ಪು?”

“ಒಂದ ತುತ್ತಿಗೆ ಗೊತ್ತಾಗಂಗಿಲ್ರಿ. ಎರಡು ರೊಟ್ಟಿ ಹಚ್ಚಿ ತಿನ್ರಿ.”

ಅವರು ನಮ್ಮನ್ನು ದುರುಗುಟ್ಟಿಕೊಂಡೇ ಎರಡೂ ರೊಟ್ಟಿ ತಿಂದು ಮುಗಿಸಿದರು. “ಉಪ್ಪು ಹದಾ ಐತಿ. ಉಣ್ರಿ ಸುಳ್ಳರು” ಎಂದಾಗ ಅವರಿಗೂ ನಗು ತಡೆಯಲಿಲ್ಲ.

ದಿನಾ ಹೀಗೇ ರುಚಿ ನೋಡುವುದು ನಡೆಯಿತು. ಕೆಲವು ವಾರಗಳಲ್ಲಿ ಬಳೆ ಮಣಿಕಟ್ಟಿನಲ್ಲೇ ನಿಂತವು. ಮೂರನೆಯ ರೊಟ್ಟಿಗೆ ಕೈ ತಾನಾಗಿ ಹೋಗದಾಯಿತು. “ಹಸಿವು ಹೊಟ್ಟ್ಯಾಗ ಇರತೈತಿ ಅಂದ್ಕೊಂಡಿದ್ನಿ ಮಾಸ್ತರ” ಎಂದರು ಒಮ್ಮೆ, “ಅದರ ಬೇರು ರಕ್ತದಾಗ ಐತಿ ನೋಡ್ರಿ.”

ಆಮೇಲೆ ಉಪ್ಪಿನ ನೆಪ ಬೇಕಾಗಲಿಲ್ಲ. ಹತ್ತು ವರ್ಷ ಕಳೆದ ಈಗಲೂ ಶೇಖರಮ್ಮ ಅದೇ ಖಾನಾವಳಿ ನಡೆಸುತ್ತಾರೆ. ಸೂಜಿ ಹಾಕಿಕೊಂಡು, ಮೊದಲ ತಾಟು ತಾವು ಉಂಡು, ನಂತರ ಬಡಿಸುತ್ತಾರೆ.