ಆನ್‌ಲೈನ್ ಎಂ.ಎಸ್ಸಿ. ಬೇಡ ಎಂದವಳು

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷ ನಡೆದದ್ದು ಇದು. ಆಗ ನಾನು ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ತವರು ಸೊರಬದ ಉಳವಿ. ಗಂಡನ ಮನೆಯವರು ಶಿಕಾರಿಪುರದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಅಷ್ಟಿಷ್ಟು ಮೆಕ್ಕೆಜೋಳ ಬೆಳೆದುಕೊಂಡು ಇರುವವರು.

ನಮ್ಮ ವಾರ್ಡಿಗೆ ನರ್ಸಿಂಗ್ ಓದುವ ಹುಡುಗಿಯರು ತರಬೇತಿಗೆ ಬರುತ್ತಿದ್ದರು. ಅವರಿಗೆ ಹೇಳಿಕೊಡುವುದೆಂದರೆ ನನಗೆ ಎಲ್ಲಿಲ್ಲದ ಖುಷಿ. ಡ್ಯೂಟಿ ಮುಗಿದ ಮೇಲೂ ಅವರ ಜೊತೆ ನಿಂತುಬಿಡುತ್ತಿದ್ದೆ. ನೀವು ನಮ್ಮ ಕಾಲೇಜಿಗೇ ಬಂದುಬಿಡಿ ಸಿಸ್ಟರ್ ಎಂದು ಹೇಳಿ ಹೇಳಿ ಅವರೇ ನನ್ನಲ್ಲಿ ಆಸೆ ಹುಟ್ಟಿಸಿದ್ದು. ಆದರೆ ಉಪನ್ಯಾಸಕಿಯಾಗಲು ಎಂ.ಎಸ್ಸಿ. ನರ್ಸಿಂಗ್ ಬೇಕು, ನನ್ನದು ಬರೀ ಬಿ.ಎಸ್ಸಿ. ಎರಡು ವರ್ಷ ಶಿವಮೊಗ್ಗದಲ್ಲಿದ್ದು ಓದುವುದು ಆಗದ ಮಾತು. ಮಗಳು ಸ್ಫೂರ್ತಿ ಎರಡನೇ ಕ್ಲಾಸು, ಅತ್ತೆಗೆ ಮಂಡಿನೋವು, ನಮ್ಮ ಮನೆಯವರು ಕುರಿ ಹೊಡೆದುಕೊಂಡು ಹೊರಟರೆ ವಾರಗಟ್ಟಲೆ ಮನೆ ಕಡೆ ಬರುವುದಿಲ್ಲ.

ಹೀಗಾಗಿ ಆನ್‌ಲೈನ್ ಕೋರ್ಸುಗಳನ್ನು ಹುಡುಕತೊಡಗಿದೆ. ಹೊರರಾಜ್ಯದ ಒಂದು ಸಂಸ್ಥೆಯ ಜಾಹೀರಾತು ಕಣ್ಣಿಗೆ ಬಿತ್ತು. ಮನೆಯಲ್ಲೇ ಓದಿ, ನರ್ಸಿಂಗ್ ಶಿಕ್ಷಕಿಯಾಗಿ ಎಂದಿತ್ತು. ನಂಬರು ಕೊಟ್ಟಿದ್ದೇ ತಡ, ಅವರ ಬೆಂಗಳೂರು ಕಚೇರಿಯಿಂದ ಪೂರ್ಣಿಮಾ ಎಂಬ ಹುಡುಗಿ ಫೋನ್ ಮಾಡತೊಡಗಿದಳು. ಮಾತು ಬಲು ನಯ. ನನ್ನ ಡ್ಯೂಟಿಯ ಸಮಯ, ಮಗಳ ಶಾಲೆ ಎಲ್ಲ ಕೇಳಿ ತಿಳಿದುಕೊಂಡು, ಸಂಜೆಯ ತರಗತಿಗಳೇ ನಿಮಗೆ ಸರಿ ಎಂದಿದ್ದಳು. ನಾನೂ ಸೇರುವುದೆಂದು ಗಟ್ಟಿ ಮಾಡಿದೆ.

ಸೇರಬೇಕಾದ ದಿನ ಅವಳ ಫೋನ್ ಬಂದಾಗ ನಾನು ವಾರ್ಡಿನಲ್ಲಿದ್ದೆ. ಅಷ್ಟರಲ್ಲಿ ತರಬೇತಿಯ ಹುಡುಗಿ ಮಂಜುಳಾ ಅಳುಮುಖ ಮಾಡಿಕೊಂಡು ಬಂದಳು. ಕುಬಟೂರಿನ ಒಬ್ಬ ಅಜ್ಜಿಗೆ ಡ್ರಿಪ್ ಹಾಕಬೇಕಿತ್ತು, ಚುಚ್ಚಿದರೆ ನರವೇ ಸಿಗುತ್ತಿರಲಿಲ್ಲ. ಫೋನ್ ಕಟ್ ಮಾಡುವುದನ್ನು ಮರೆತು ಮಂಚದ ಮೇಲಿಟ್ಟೆ.

‘ಸೂಜಿ ಕೆಳಗಿಡು. ಮೊದ್ಲು ಅಜ್ಜಿ ಹತ್ರ ಮಾತಾಡು. ಅವ್ರೂ ಹೆದರಿದಾರೆ, ನೀನೂ ಹೆದರಿದ್ದೀಯ’ ಎಂದೆ.

ಮಂಜುಳಾ ಮೊಮ್ಮಕ್ಕಳ ವಿಚಾರ ಕೇಳಿದಳು. ಅಜ್ಜಿ ಬಾಯಿಬಿಟ್ಟರು. ನಾನು ಅವರ ಕೈಗೆ ಬೆಚ್ಚನೆಯ ಬಟ್ಟೆ ಸುತ್ತಿಸಿ, ನರ ಎದ್ದದ್ದನ್ನು ಬೆರಳಿಂದ ಮುಟ್ಟಿ ನೋಡುವುದನ್ನು ತೋರಿಸಿ, ಈಗ ನೀನೇ ಹಾಕು ಎಂದು ಹಿಂದೆ ಸರಿದು ನಿಂತೆ. ಈ ಸಲ ಸೂಜಿ ಸರಿಯಾಗಿ ಕೂತಿತು. ಆಯ್ತಾ, ಗೊತ್ತೇ ಆಗ್ಲಿಲ್ಲ ಎಂದರು ಅಜ್ಜಿ. ಮಂಜುಳಾಳ ಮುಖ ನೋಡಬೇಕಿತ್ತು ಆಗ.

ಫೋನ್ ಎತ್ತಿಕೊಂಡರೆ ಪೂರ್ಣಿಮಾ ಇನ್ನೂ ಲೈನಿನಲ್ಲೇ ಇದ್ದಳು. ಆಮೇಲೆ ಮಾಡುತ್ತೇನೆ ಎಂದಷ್ಟೇ ಹೇಳಿ ಇಟ್ಟಳು. ಮಧ್ಯಾಹ್ನ ಊಟದ ಹೊತ್ತಿಗೆ ಬೇರೆ ನಂಬರಿನಿಂದ ಕರೆ ಬಂತು.

‘ಮೇಡಂ, ಇದು ನನ್ನ ಸ್ವಂತ ಫೋನು. ಆಫೀಸಲ್ಲಿ ಎಲ್ಲಾ ರೆಕಾರ್ಡ್ ಆಗುತ್ತೆ. ನೀವು ಕಾಲೇಜಲ್ಲಿ ಪಾಠ ಮಾಡ್ಬೇಕು ಅಂದ್ರೆ ಈ ಕೋರ್ಸ್ ಬೇಡ. ಅಲ್ಲಿ ಇದನ್ನ ಒಪ್ಪಲ್ಲ. ನಿಮಗೆ ಪಾಠ ಹೇಳಿದೋರನ್ನ ಒಂದ್ಸಲ ಕೇಳಿ ನೋಡಿ.’

ಇದನ್ನು ನನಗೇಕೆ ಹೇಳುತ್ತಿದ್ದೀಯಮ್ಮ ಎಂದೆ. ನೀವು ಆ ಹುಡುಗಿಗೆ ಹೇಳಿಕೊಟ್ಟಿದ್ದನ್ನು ಕೇಳಿಸಿಕೊಂಡೆ ಎಂದಳು.

ನನಗೆ ಬಿ.ಎಸ್ಸಿ.ಯಲ್ಲಿ ಪಾಠ ಮಾಡಿದ್ದ ಮೇಡಂಗೆ ಫೋನ್ ಮಾಡಿದೆ. ಆಸ್ಪತ್ರೆಯಲ್ಲಿ ನಿಂತು ಕಲಿಯುವ ರೆಗ್ಯುಲರ್ ಕೋರ್ಸಿಗೆ ಮಾತ್ರ ಮಾನ್ಯತೆ, ಹುಡುಗಿ ಹೇಳಿದ್ದು ನಿಜ ಎಂದರು ಅವರು. ಅಂದು ಮನೆಗೆ ಹೋದಾಗ ನನ್ನ ಮುಖ ಸಪ್ಪಗಿತ್ತು. ಅತ್ತೆ ಬಿಡದೆ ಕೇಳಿದ್ದಕ್ಕೆ ಎಲ್ಲ ಹೇಳಿ, ನಿಮ್ಮನ್ನೂ ಮಗಳನ್ನೂ ಬಿಟ್ಟು ಶಿವಮೊಗ್ಗಕ್ಕೆ ಹೋಗಲಾದೀತೇ, ಅದನ್ನೆಲ್ಲ ಮರೆತುಬಿಡುತ್ತೇನೆ ಎಂದೆ.

ಅತ್ತೆಗೆ ಸಿಟ್ಟೇ ಬಂತು. ‘ನನ್ ಮಂಡಿನೋವಿನ ನೆವ ಮಾಡ್ಕಂಡು ಮನ್ಯಾಗೆ ಕುಂದ್ರಬ್ಯಾಡ. ನಾನು ಕುರಿ ಹಿಂದೆ ತಿರುಗುವಾಗ ನಿನ್ ಗಂಡನ್ನ ಸಾಕಿದ್ದು ನಮ್ಮತ್ತೆ. ಸ್ಫೂರ್ತಿನ ನಾನ್ ನೋಡ್ಕಂತೀನಿ. ಹೋಗಿ ಕಲ್ತ್ಕಂಡು ಬಾ’ ಎಂದರು.

ಹೋದೆ. ವಾರಕ್ಕೊಮ್ಮೆ ಬಂದಾಗಲೆಲ್ಲ ಅತ್ತೆ ಮೊಮ್ಮಗಳಿಗೆ ಜಡೆ ಹಾಕಿ, ಹೂ ಮುಡಿಸಿ ಬಾಗಿಲಲ್ಲಿ ನಿಲ್ಲಿಸಿರುತ್ತಿದ್ದರು. ಈಗ ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ.

ಕೆಲಸ ಸಿಕ್ಕ ದಿನ ಪೂರ್ಣಿಮಾಗೆ ಫೋನ್ ಮಾಡಿ, ಒಮ್ಮೆ ನಮ್ಮೂರಿಗೆ ಬಾ ಎಂದೆ. ಬಂದೇಬಿಟ್ಟಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ ನಾವು, ಉಟ್ಟ ಸೀರೆಯ ಬಣ್ಣ ಹೇಳಿದ್ದೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಹಿಂದಿನಿಂದ ‘ಮೇಡಂ’ ಎಂದಾಗ ದನಿಯಿಂದಲೇ ಗುರುತು ಹತ್ತಿತು. ಅತ್ತೆ ಅವಳಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಾ, ನಮ್ಮ ಸೊಸೆಗೆ ದಾರಿ ತೋರಿಸಿದವಳು ನೀನು ಎಂದು ಬೆನ್ನು ಸವರಿದರು. ಹುಡುಗಿ ಅಳತೊಡಗಿದಳು.

‘ನಿಮ್ಮ ಸೊಸೆ ಒಬ್ರಿಗೇ ನಿಜ ಹೇಳಿದ್ದು ಅಜ್ಜಿ. ಬೇರೆಯವರನ್ನೆಲ್ಲ ಸೇರಿಸಿಬಿಟ್ಟಿದ್ದೆ’ ಎಂದಳು. ನನಗೆ ಹೇಳಿದ ಮೇಲೆ ಆ ಕೆಲಸದಲ್ಲಿ ಹೆಚ್ಚು ದಿನ ಇರಲಾಗಲಿಲ್ಲವಂತೆ. ಈಗ ಬಟ್ಟೆ ಅಂಗಡಿಯೊಂದರಲ್ಲಿದ್ದಾಳೆ.

ಅತ್ತೆ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತ ಹುಡುಗಿಯರನ್ನು ನೋಡುವಾಗ ಇಂದಿಗೂ ನನಗೆ ಪೂರ್ಣಿಮಾಳ ಮೇಲೆ ಅಕ್ಕರೆ ಉಕ್ಕುತ್ತದೆ. ಹಿಂದೆಯೇ, ಅಂಥ ಒಂದು ಫೋನ್ ಕರೆ ಬಾರದೇ ಹೋದ, ನನ್ನಷ್ಟೇ ಆಸೆ ಇಟ್ಟುಕೊಂಡಿದ್ದ ಸಿಸ್ಟರುಗಳು ಈಗ ಏನು ಮಾಡುತ್ತಿರಬಹುದು ಎಂದು ಮನಸ್ಸು ಭಾರವಾಗುತ್ತದೆ.