ಇನ್ನೂರ ಹದಿನಾಲ್ಕು ಹೆಜ್ಜೆ

ಗಂಟೆ ಎಷ್ಟಾಯಿತು ಎಂದು ನಮ್ಮ ಮಾವ ಯಾವತ್ತೂ ಇಬ್ಬರನ್ನು ಕೇಳುತ್ತಿದ್ದರು. ಇಬ್ಬರೂ ಬೇರೆ ಬೇರೆ ಹೇಳಿದರೆ ಯಾರದೋ ಗಡಿಯಾರ ಕೆಟ್ಟಿದೆ ಎನ್ನುತ್ತಿದ್ದರು. ಇಬ್ಬರೂ ಒಂದೇ ಹೇಳಿದರೆ, ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಕಣ್ಣು ಕಿರಿದು ಮಾಡುತ್ತಿದ್ದರು.

ಶಿಕಾರಿಪುರದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಪರಮೇಶಪ್ಪ ಅಂದರೆ ಇವರೇ. ಬೆಳಗ್ಗೆ ಅಂಜನಾಪುರದ ಕಾಲುವೆ ಬದಿಯ ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿದ ರೈತ, ಹತ್ತು ಗಂಟೆಗೆ ಇಸ್ತ್ರಿ ಅಂಗಿಯ ಗುಮಾಸ್ತ. ಎರಡು ಕಡೆಯೂ ಅವರ ಮಾತು ಒಂದೇ: "ತಾಳೆ ಆಗ್ಬೇಕು." ಮೊಮ್ಮಗಳಿಗೆ ತಂದ ಔಷಧಿಯನ್ನು ಮೊದಲು ತಾವೊಂದು ಚಮಚ ಕುಡಿದು, ಅರ್ಧ ಗಂಟೆ ಕೂತು, ತಮಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಅವಳಿಗೆ ಕುಡಿಸುತ್ತಿದ್ದರು. "ಮದುವಿಗೆ ಮುಂಚೆ ನನ್ನ ನೋಡಾಕೆ ಮೂರು ಸಲ ಬಂದಿದ್ರು ಕಣವ್ವ," ಎಂದು ನಮ್ಮತ್ತೆ ನಗುತ್ತಿದ್ದರು. "ಮೂರು ಸಲಾನೂ ಅದೇ ಹುಡುಗೀನ ತೋರಿಸ್ತಾರೋ ಇಲ್ಲೋ ಅಂತ!"

ನಾನು ಸೊರಬದವಳು. ಬಂದ ಹೊಸತರಲ್ಲಿ "ಎಂತ ಮಾವ?" ಅಂದಿದ್ದಕ್ಕೆ, "ಸೊರಬದೋರ ಮಾತು ಬಾಳ ಮೆತ್ತಗೆ. ನೆಲ ಮೆತ್ತಗಿದ್ದಲ್ಲೇ ಕಾಲು ಹೂತ್ಕಣಾದು," ಎಂದಿದ್ದರು. ನಗೆಚಾಟಿಕೆಯೋ ಎಚ್ಚರಿಕೆಯೋ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಡೆ ಭೂಮಿ ಹುಣ್ಣಿಮೆಯ ದಿನ ತುಂಬಿದ ಬಸುರಿಗೆ ಬಯಕೆಯೂಟ ಬಡಿಸುವ ಹಾಗೆ ಗದ್ದೆಗೆ ಎಡೆ ಒಯ್ಯುತ್ತಾರೆ. ಎಲ್ಲರೂ ಎಡೆಯ ಅನ್ನವನ್ನು ಚರಗವೆಂದು ಪೈರಿಗೆ ಚೆಲ್ಲಿ, ಬದುವಿನ ಮೇಲೆ ಕೂತು ಕಡುಬು ತಿನ್ನುವಾಗ ಮಾವ ಮಾತ್ರ ಹೊಂಗೆ ಮರದಿಂದ ಮೂಡಲ ತುದಿಯ ಬಾಂದುಕಲ್ಲಿನವರೆಗೆ ಹೆಜ್ಜೆ ಎಣಿಸುತ್ತ ಹೋಗುತ್ತಿದ್ದರು. ಕಲ್ಲಿನಾಚೆಗೆ ಹಾಲೇಶಪ್ಪನವರ ಜಮೀನು. "ಕಲ್ಲಿಗೆ ಕಾಲಿಲ್ಲ ಖರೆ, ಮನುಷ್ಯರಿಗೆ ಕೈ ಅದಾವಲ್ಲ," ಎನ್ನುತ್ತಿದ್ದರು. ಪ್ರತಿ ವರ್ಷವೂ ಇನ್ನೂರ ಹದಿನಾಲ್ಕು. ಅದನ್ನು ಜೇಬಿನ ಪುಸ್ತಕದಲ್ಲಿ ಬರೆದ ಮೇಲೆಯೇ ಊಟ.

ಒಂದು ಬೇಸಿಗೆಯಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ನನ್ನ ಗಂಡನಿಗೆ ಬಸ್ಸಿನ ಡ್ಯೂಟಿ. ಆರು ವರ್ಷದಿಂದ ಗದ್ದೆ ನೋಡಿಕೊಳ್ಳುತ್ತಿದ್ದವಳು ನಾನೇ. ಕುಸಿದಿದ್ದ ಬದುವನ್ನು ಜೆಸಿಬಿ ತರಿಸಿ ಕಟ್ಟಿಸಿದೆ. ಬಂದು ನೋಡಿ ಮೆಚ್ಚುತ್ತಾರೆ ಅಂದುಕೊಂಡಿದ್ದೆ.

ಆ ಸಲದ ಭೂಮಿ ಹುಣ್ಣಿಮೆಗೆ ಎಣಿಕೆ ಇನ್ನೂರ ಮೂವತ್ತೊಂಬತ್ತು ಬಂತು. ಇನ್ನೊಬ್ಬರಾಗಿದ್ದರೆ ಜಮೀನು ಬೆಳೆಯಿತೆಂದು ಹಿಗ್ಗುತ್ತಿದ್ದರು. ಮಾವ ಅಂಕಿ ಬರೆದು, ಎಲೆಯ ಮುಂದೆ ಕೂರದೆ ನನ್ನ ಹತ್ತಿರ ಬಂದರು.

"ಜೆಸಿಬಿ ಬಂದಾಗ ನೀನೇ ನಿಂತಿದ್ದಲ್ಲೇನವ್ವ?"

"ಹೌದು ಮಾವ."

"ಕಲ್ಲು?"

"ಕಲ್ಲಿನ ತಂಟೆಗೇ ಹೋಗಿಲ್ಲ ನಾವು."

"ಮತ್ತೆ ಹಾಲೇಶಪ್ಪಂದು ಇಪ್ಪತ್ತೈದು ಹೆಜ್ಜೆ ನಮ್ಮ ಕಡೆ ಹೆಂಗೆ ಬಂತು?"

ಮೈಯೆಲ್ಲ ಉರಿದುಹೋಯಿತು. ಮರುದಿನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಪಂಪ್‌ಸೆಟ್ಟಿನ ಕೀಲಿ ಕಾಣಲಿಲ್ಲ. ಅವರ ಉಡಿದಾರ ಸೇರಿತ್ತು. ಆರು ವರ್ಷ ಆ ಕೆಸರಿನಲ್ಲಿ ದುಡಿದವಳು ಒಂದೇ ದಿನದಲ್ಲಿ ಕಳ್ಳಿಯಾಗಿದ್ದೆ.

ಸಾಲದ್ದಕ್ಕೆ ಗಡಿ ಅಳೆದು ಹದ್ದುಬಸ್ತು ಮಾಡಿಕೊಡಿ ಎಂದು ತಾವೇ ಅರ್ಜಿ ಕೊಟ್ಟರು. ಹಾಲೇಶಪ್ಪನವರಂತೂ ತಲೆ ಮೇಲೆ ಕೈ ಹೊತ್ತು ಕೂತರು. "ನಾ ಕೇಳದೇ ಇರೋ ಜಮೀನ ನಂಗೆ ಕೊಡ್ಸಾಕೆ ಹೊಂಟಾರಲ್ರೀ ಈ ಯಜಮಾನ್ರು!"

ಸರ್ವೆಯವರು ಬಂದು ಸರಪಳಿ ಹಿಡಿದು ಅಳೆದರು. ಕಲ್ಲು ಇರಬೇಕಾದ ಜಾಗದಲ್ಲೇ ಇತ್ತು. ನಾನು ಗೆದ್ದೆ ಅಂದುಕೊಂಡೆ. ಮಾವ ಸರಪಳಿಯನ್ನು ಕೈಯಲ್ಲಿ ಎತ್ತಿ ನೋಡಿದರು.

"ಹಳೇದಾಗಿ ಹಿಗ್ಗೈತೇನು ನೋಡ್ರಿ ಇದು."

ಸರ್ವೆಯವರು ಮುಖ ಊದಿಸಿಕೊಂಡು ಹೊರಟುಹೋದರು. ನನಗೆ ತಡೆಯಲಾಗಲಿಲ್ಲ. "ಇನ್ನೊಂದ್ಸಲ ಎಣಿಸಿ ಮಾವ. ಈ ಸಲ ನಾನೂ ಬರ್ತೀನಿ," ಅಂದೆ.

ಆ ವಾರವಷ್ಟೇ ಕಾಲುವೆಗೆ ನೀರು ಬಿಟ್ಟಿದ್ದರು. ಬದು ನೆನೆದು ಮೆತ್ತಗಾಗಿತ್ತು. ಅವರು ಮುಂದೆ, ಪಕ್ಕದಲ್ಲಿ ಸ್ವಲ್ಪ ಹಿಂದೆ ಸಿಟ್ಟಿನಲ್ಲಿ ದಾಪುಗಾಲು ಹಾಕುತ್ತ ನಾನು. ಅರ್ಧ ದಾರಿಯಲ್ಲಿ ನನ್ನ ಕಣ್ಣು ನೆಲಕ್ಕೆ ಬಿತ್ತು. ಅವರ ಹೆಜ್ಜೆ ಮೊದಲಿನಷ್ಟು ಚಾಚಿ ಬೀಳುತ್ತಿರಲಿಲ್ಲ, ನನ್ನದಕ್ಕಿಂತಲೂ ಗಿಡ್ಡವಾಗಿತ್ತು. ಆಪರೇಷನ್ ಆದ ಮೇಲೆ ಮಾವ ನೆಲವನ್ನೂ ನಂಬದೆ, ತಡವಿ ತಡವಿ ಕಾಲಿಡುತ್ತಿದ್ದರು.

ಒಂದು ಮಾತು ಆಡಿದ್ದರೆ ನನ್ನ ಮೇಲಿನ ಕಳಂಕ ಕಳೆಯುತ್ತಿತ್ತು. ಆದರೆ ಈ ಲೋಕದಲ್ಲಿ ಯಾರನ್ನೂ ನಂಬದ ಮನುಷ್ಯ ತಮ್ಮ ಕಾಲನ್ನಾದರೂ ನಂಬಿದ್ದರು. ಅದೂ ಸುಳ್ಳು ಹೇಳುತ್ತಿದೆ ಎನ್ನಲು ನಾಲಿಗೆ ಏಳಲಿಲ್ಲ.

ಕಲ್ಲು ಮುಟ್ಟಿ "ಇನ್ನೂರ ನಲವತ್ತು" ಎಂದು ತಿರುಗಿದರು. ಬದುವಿನ ಮೇಲೆ ಎರಡು ಸಾಲು ಹೆಜ್ಜೆಗಳಿದ್ದವು, ನನ್ನವು ವಿರಳ, ಅವರವು ಒತ್ತೊತ್ತು. ಎರಡೂ ಸಾಲನ್ನು ಬಗ್ಗಿ ನೋಡಿದರು. ಆಮೇಲೆ ಮನೆ ಕಡೆ ತಿರುಗಿದರು. ಸಂಜೆ ನೋಡಿದರೆ ಕೀಲಿ ಮೊಳೆಗೆ ಬಂದಿತ್ತು.

ಅನುಮಾನ ಅಂಟುರೋಗ. ಕೀಲಿ ಕೊಟ್ಟಿದ್ದು ನಂಬಿಕೆಯಿಂದಲೋ, ಗದ್ದೆಗೆ ನೀರು ಹಾಯಿಸಲು ಬೇರೆ ಗತಿಯಿಲ್ಲದೆಯೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲೇ ಇಲ್ಲ.

ಮೊನ್ನೆ ಭೂಮಿ ಹುಣ್ಣಿಮೆಗೆ ಹೊರಡುವಾಗ ಅತ್ತೆ ಆ ಜೇಬಿನ ಪುಸ್ತಕವನ್ನು ನನ್ನ ಕೈಗಿಟ್ಟು, "ಇನ್ನು ನೀನೇ ಬರಿಯವ್ವ," ಅಂದರು. ಹೊಂಗೆ ಮರದ ಬುಡದಲ್ಲಿ ಬಿಚ್ಚಿದೆ. ಮಂಡಿಯ ಪದ್ಧತಿಯಲ್ಲಿ ತಪ್ಪು ಅಂಕಿಯನ್ನು ಅಳಿಸುವ ಹಾಗಿಲ್ಲ. ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಸಹಿ ಮಾಡಬೇಕು. ಇನ್ನೂರ ಮೂವತ್ತೊಂಬತ್ತರ ಮೇಲೆ ಕೆಂಪು ಗೆರೆಯಿತ್ತು. ಅದರ ಮೇಲೆ ಇನ್ನೂರ ಹದಿನಾಲ್ಕು. ಪಕ್ಕದಲ್ಲಿ ಅವರ ಸಹಿ, ಕೆಳಗೆ ಮುತ್ತಿನಂಥ ಅಕ್ಷರ: "ಕಲ್ಲು ಸರಿ. ಸೊಸೆ ಸರಿ."

ಇಷ್ಟನ್ನು ಬಾಯಲ್ಲಿ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಮಾವ ಎಂದು ಬೈಯುತ್ತಲೇ ಅತ್ತುಬಿಟ್ಟೆ.

ಆಮೇಲೆ ಕಣ್ಣೊರೆಸಿಕೊಂಡು ಕಲ್ಲಿನವರೆಗೆ ನಡೆದೆ. ನನ್ನ ಹೆಜ್ಜೆಗೆ ಇನ್ನೂರ ಇಪ್ಪತ್ತಾರು ಬಂತು. ಬರೆಯಲು ಪೆನ್ನು ತೆಗೆದವಳು, ಯಾಕೋ ಅನುಮಾನವಾಗಿ ಮರದ ಬುಡಕ್ಕೆ ವಾಪಸು ಹೋಗಿ ಇನ್ನೊಮ್ಮೆ ಎಣಿಸಿದೆ.